ಬಾಲದಿಂದ ಶುರುವಾಗುವ ಮದ್ದು

ಪ್ರೋಟೀನು ಎಲ್ಲಿ ತಯಾರಾಗುತ್ತದೆ ಎಂದು ವಿಜ್ಞಾನ ಓದುವ ಯಾವ ಪಿಯುಸಿ ಹುಡುಗಿಯನ್ನು ಕೇಳಿದರೂ, ರೈಬೋಸೋಮಿನಲ್ಲಿ ಎಂದು ಥಟ್ಟನೆ ಹೇಳುತ್ತಾಳೆ. ಡಿಎನ್‌ಎ ಬರಹ ಆರ್‌ಎನ್‌ಎಗೆ ನಕಲಾಗುತ್ತದೆ, ರೈಬೋಸೋಮ್ ಆ ನಕಲನ್ನು ಮೂರು ಮೂರು ಅಕ್ಷರದಂತೆ ಓದುತ್ತ ಅಮೈನೋ ಆಮ್ಲಗಳನ್ನು ಪೋಣಿಸುತ್ತ ಹೋಗುತ್ತದೆ. ಆನೆಯಲ್ಲೂ ಅಷ್ಟೆ, ಅಣಬೆಯಲ್ಲೂ ಅಷ್ಟೆ. ಪಠ್ಯಪುಸ್ತಕದ ಈ ಮಾತು ಸರಿಯೇ. ಆದರೆ ಮಣ್ಣಿನಲ್ಲಿ ಬದುಕುವ ಕೆಲವು ಬ್ಯಾಕ್ಟೀರಿಯಾಗಳು ತಮ್ಮ ಪ್ರೋಟೀನುಗಳನ್ನೆಲ್ಲ ಹೀಗೆಯೇ ಕಟ್ಟಿಕೊಂಡು, ಕೆಲವೊಂದು ಪುಟ್ಟ ಪೆಪ್ಟೈಡುಗಳ ವಿಷಯಕ್ಕೆ ಬಂದಾಗ ಮಾತ್ರ ರೈಬೋಸೋಮನ್ನು ಪಕ್ಕಕ್ಕಿಟ್ಟು ಬೇರೆಯದೇ ದಾರಿ ಹಿಡಿಯುತ್ತವೆ. ಆ ದಾರಿಯಲ್ಲಿ ಹುಟ್ಟಿದ ಎರಡು ಔಷಧಿಗಳು, ಡ್ಯಾಪ್ಟೊಮೈಸಿನ್ ಮತ್ತು ಕೊಲಿಸ್ಟಿನ್, ಇವತ್ತು ನಮ್ಮ ಆಸ್ಪತ್ರೆಗಳ ಐಸಿಯುಗಳಲ್ಲಿ ಬೇರೆ ಆಂಟಿಬಯಾಟಿಕ್‌ಗಳು ಸೋತಲ್ಲಿ ಜೀವ ಉಳಿಸುತ್ತಿವೆ.

ಇವನ್ನು ಲಿಪೊಪೆಪ್ಟೈಡ್ ಎನ್ನುತ್ತಾರೆ. ಅಮೈನೋ ಆಮ್ಲಗಳ ಒಂದು ಉಂಗುರ, ಅದಕ್ಕೆ ಅಂಟಿಕೊಂಡಂತೆ ಕೊಬ್ಬಿನಾಮ್ಲದ ಒಂದು ಬಾಲ. ಚಿತ್ರದಲ್ಲಿ ನೋಡಿದವರಿಗೆ ಉಂಗುರವೇ ಮುಖ್ಯ, ಬಾಲವೇನೋ ಕೊನೆಗೆ ಸೇರಿಸಿದ್ದು ಅನ್ನಿಸುತ್ತದೆ. ನಿಜದಲ್ಲಿ ಬ್ಯಾಕ್ಟೀರಿಯಾ ಕೆಲಸಕ್ಕೆ ಕೈಹಾಕುವುದೇ ಬಾಲದಿಂದ. ಮದ್ದಿನ ಬಲವೂ ವಿಷವೂ ಬಹುಮಟ್ಟಿಗೆ ಆ ಬಾಲದಲ್ಲೇ ಇವೆ. ಈ ಒಂದು ಸಂಗತಿಯನ್ನು ಹಿಡಿದುಕೊಂಡರೆ, ಈ ಔಷಧಿಗಳ ಹಲವು ದಶಕಗಳ ಏಳುಬೀಳು ಅರ್ಥವಾಗುತ್ತದೆ.

ಡ್ಯಾಪ್ಟೊಮೈಸಿನ್ ಕೊಡುವ ಬ್ಯಾಕ್ಟೀರಿಯಾ ಸಿಕ್ಕಿದ್ದು ಪೂರ್ವ ಟರ್ಕಿಯ ಅರಾರತ್ ಪರ್ವತದ ಮಣ್ಣಿನಲ್ಲಿ. ಬೈಬಲಿನ ನೋಹನ ನಾವೆ ಬಂದು ನಿಂತಿತೆಂದು ಜನ ನಂಬುವ ಪರ್ವತ ಅದು. 1980ರ ದಶಕದ ಆರಂಭದಲ್ಲಿ ಅಮೆರಿಕದ ಎಲಿ ಲಿಲ್ಲಿ ಕಂಪನಿಯ ವಿಜ್ಞಾನಿಗಳು ಅದರಿಂದ ಹೊಸ ಆಂಟಿಬಯಾಟಿಕ್ ಒಂದನ್ನು ಬೇರ್ಪಡಿಸಿದರು. ಬ್ಯಾಕ್ಟೀರಿಯಾದ ಹೆಸರು ಸ್ಟ್ರೆಪ್ಟೊಮೈಸಿಸ್ ರೋಸಿಯೋಸ್ಪೋರಸ್. ಮೊದಲ ಮಳೆಗೆ ನೆಲ ಘಮ್ಮೆನ್ನುತ್ತದಲ್ಲ, ಆ ವಾಸನೆಯನ್ನು ಮಣ್ಣಿಗೆ ಕೊಡುವ ಕುಲಕ್ಕೆ ಸೇರಿದ್ದು. ಅದು ಕೊಟ್ಟದ್ದು ಒಂದೇ ವಸ್ತುವಲ್ಲ, ಒಂದು ಗುಂಪು. ಉಂಗುರ ಎಲ್ಲದರಲ್ಲೂ ಒಂದೇ, ಬಾಲದ ಉದ್ದ ಮಾತ್ರ ಬೇರೆ ಬೇರೆ: ಒಂದರಲ್ಲಿ ಹನ್ನೊಂದು ಇಂಗಾಲದ ಪರಮಾಣು, ಇನ್ನೊಂದರಲ್ಲಿ ಹನ್ನೆರಡು, ಮತ್ತೊಂದರಲ್ಲಿ ಹದಿಮೂರು.

ಉಂಗುರವನ್ನು ನೋಡಿದವರಿಗೆ ಇದು ರೈಬೋಸೋಮಿನ ಕೆಲಸವಲ್ಲ ಎಂಬುದು ಕೂಡಲೇ ಗೊತ್ತಾಗುತ್ತದೆ. ಒಟ್ಟು ಹದಿಮೂರು ಅಮೈನೋ ಆಮ್ಲಗಳಿವೆ. ಅವುಗಳಲ್ಲಿ ಆರ್ನಿಥೀನ್ ಇದೆ, ಕೈನುರೆನೀನ್ ಇದೆ, ಮಿಥೈಲ್ ಗುಂಪು ಸೇರಿಸಿಕೊಂಡ ಗ್ಲುಟಾಮಿಕ್ ಆಮ್ಲವಿದೆ. ಜೀನುಗಳ ಲಿಪಿಯಲ್ಲಿ ಇವಕ್ಕೆ ಅಕ್ಷರವೇ ಇಲ್ಲ. ಇನ್ನು ಮೂರು ಅಮೈನೋ ಆಮ್ಲಗಳು ಎಲ್ಲ ಜೀವಿಗಳ ಪ್ರೋಟೀನುಗಳಲ್ಲಿರುವ ರೂಪದಲ್ಲಿಲ್ಲ. ಅದರ ಕನ್ನಡಿ ಬಿಂಬವಾದ ಡಿ ರೂಪದಲ್ಲಿವೆ. ಪ್ರೋಟೀನು ತಿನ್ನುವ ಕಿಣ್ವಗಳಿಗೆ ಡಿ ರೂಪವನ್ನು ಕತ್ತರಿಸುವುದು ಬಲು ಕಷ್ಟ. ಮಣ್ಣಿನಂಥ ಜಗಳದ ಜಾಗದಲ್ಲಿ ಉಳಿಯಬೇಕಾದ ವಸ್ತುವಿಗೆ ಅದೊಂದು ದೊಡ್ಡ ಅನುಕೂಲ.

ರೈಬೋಸೋಮಿಲ್ಲದೆ ಪೆಪ್ಟೈಡ್ ಕಟ್ಟಬಹುದೆಂಬ ಸುಳಿವು ಇದಕ್ಕೂ ಬಹಳ ಮೊದಲೇ ಸಿಕ್ಕಿತ್ತು. 1939ರಲ್ಲಿ ರೆನೆ ಡ್ಯೂಬೊಸ್ ಮಣ್ಣಿನ ಬ್ಯಾಸಿಲಸ್ ಒಂದರಿಂದ ಗ್ರಾಮಿಸಿಡಿನ್, ಟೈರೊಸಿಡಿನ್ ಎಂಬ ಪೆಪ್ಟೈಡುಗಳನ್ನು ತೆಗೆದಿದ್ದರು. ಅವಕ್ಕೆ ಕೊಬ್ಬಿನ ಬಾಲವಿಲ್ಲ, ಕಟ್ಟುವ ವಿಧಾನ ಮಾತ್ರ ಇದೇ. ಪ್ರೋಟೀನು ತಯಾರಿಕೆಯನ್ನು ತಡೆಯುವ ರಾಸಾಯನಿಕ ಹಾಕಿದ ಮೇಲೂ ಆ ಬ್ಯಾಸಿಲಸ್ ಟೈರೊಸಿಡಿನ್ ತಯಾರಿಸುತ್ತಲೇ ಇತ್ತು. 1960ರ ದಶಕದಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯ ಪ್ರಯೋಗಗಳು ಇದನ್ನು ತೋರಿಸಿದವು. ಹಾಗಾದರೆ ಅಮೈನೋ ಆಮ್ಲಗಳ ಸರದಿಯನ್ನು ನೆನಪಿಟ್ಟುಕೊಳ್ಳುವವರು ಯಾರು? ಉತ್ತರ ಹುಡುಕಿದವರಲ್ಲಿ ಮುಖ್ಯರಾದವರು ಅದೇ ಸಂಸ್ಥೆಯ ಫ್ರಿಟ್ಜ್ ಲಿಪ್‌ಮನ್. ಸರದಿ ಇರುವುದು ಕಿಣ್ವದ ಮೈಯಲ್ಲೇ. ಯಾವ ಘಟಕದ ಪಕ್ಕ ಯಾವ ಘಟಕವಿದೆಯೋ ಅದೇ ಪೆಪ್ಟೈಡಿನ ಕ್ರಮ.

ಹಳ್ಳಿಯಲ್ಲಿ ಮನೆಗೆ ತಾರಸಿ ಹಾಕುವ ದಿನ ಕಾಂಕ್ರೀಟಿನ ಬಾಂಡ್ಲಿ ಕೆಳಗಿನಿಂದ ಮೇಲಿನವರೆಗೆ ಕೈಯಿಂದ ಕೈಗೆ ಹೋಗುವುದನ್ನು ನೋಡಿದ್ದೀರಲ್ಲ. ಪ್ರತಿಯೊಬ್ಬರೂ ತಮ್ಮ ಜಾಗ ಬಿಟ್ಟು ಕದಲುವುದಿಲ್ಲ, ಕದಲುವುದು ಬಾಂಡ್ಲಿ. ಇಲ್ಲೂ ಹಾಗೆಯೇ, ವ್ಯತ್ಯಾಸವೆಂದರೆ ಪ್ರತಿಯೊಬ್ಬರೂ ಮುಂದಿನವರಿಗೆ ದಾಟಿಸುವ ಮೊದಲು ತಮ್ಮದೊಂದು ಅಮೈನೋ ಆಮ್ಲವನ್ನು ಸೇರಿಸುತ್ತಾರೆ. ಡ್ಯಾಪ್ಟೊಮೈಸಿನ್‌ನ ಸಾಲಿನಲ್ಲಿ ಹದಿಮೂರು ಘಟಕಗಳಿವೆ. ಅವು ಮೂರು ದೈತ್ಯ ಪ್ರೋಟೀನುಗಳಲ್ಲಿ ಹಂಚಿಹೋಗಿವೆ: ಡಿಪಿಟಿ-ಎಯಲ್ಲಿ ಮೊದಲ ಐದು, ಡಿಪಿಟಿ-ಬಿಸಿಯಲ್ಲಿ ನಡುವಿನ ಆರು, ಡಿಪಿಟಿ-ಡಿಯಲ್ಲಿ ಕೊನೆಯ ಎರಡು. ಈ ಮೂರನ್ನು ಕಟ್ಟಲು ಬ್ಯಾಕ್ಟೀರಿಯಾಕ್ಕೆ ಒಟ್ಟು ಹದಿನೈದು ಸಾವಿರಕ್ಕೂ ಹೆಚ್ಚು ಅಮೈನೋ ಆಮ್ಲಗಳು ಬೇಕು. ನಮ್ಮ ಹಿಮೋಗ್ಲೋಬಿನ್‌ನ ಒಂದು ಎಳೆಯಲ್ಲಿರುವುದು ನೂರ ನಲವತ್ತು ಚಿಲ್ಲರೆ. ಹದಿಮೂರು ಅಮೈನೋ ಆಮ್ಲಗಳ ಒಂದು ವಸ್ತುವಿಗಾಗಿ ಇಷ್ಟು ದೊಡ್ಡ ಬಂಡವಾಳ ಹೂಡುವ ಜೀವಿಗೆ ಆ ವಸ್ತು ಎಷ್ಟು ಅಗತ್ಯವಿರಬೇಕು!

ಒಂದು ಘಟಕವನ್ನು ಹತ್ತಿರದಿಂದ ನೋಡೋಣ. ಅದರಲ್ಲಿ ಮುಖ್ಯವಾಗಿ ಮೂರು ಭಾಗ. ಒಂದು, ಆರಿಸುವ ಭಾಗ. ಇದರೊಳಗೆ ಒಂದು ಗುಳಿಯಿದೆ. ಗುಳಿಯ ಒಳಗೋಡೆಯ ಹತ್ತು ಅಮೈನೋ ಆಮ್ಲಗಳು ಹೇಗಿವೆ ಎನ್ನುವುದರ ಮೇಲೆ ಅದು ಯಾರನ್ನು ಒಳಗೆ ಬಿಟ್ಟುಕೊಳ್ಳುತ್ತದೆ ಎಂಬುದು ನಿರ್ಧಾರವಾಗುತ್ತದೆ. ಬಂದ ಅಮೈನೋ ಆಮ್ಲಕ್ಕೆ ಕೋಶದ ಇಂಧನವಾದ ಎಟಿಪಿಯ ಒಂದು ಅಣುವನ್ನು ಖರ್ಚುಮಾಡಿ ಚುರುಕು ಮುಟ್ಟಿಸಲಾಗುತ್ತದೆ. ಎರಡು, ಹಿಡಿದುಕೊಳ್ಳುವ ಭಾಗ. ಇದಕ್ಕೊಂದು ಉದ್ದನೆಯ ಬಾಗುವ ತೋಳು, ತೋಳಿನ ತುದಿಯಲ್ಲಿ ಗಂಧಕ. ಚುರುಕಾದ ಅಮೈನೋ ಆಮ್ಲ ಆ ಗಂಧಕಕ್ಕೆ ಅಂಟಿಕೊಳ್ಳುತ್ತದೆ. ಮೂರು, ಬೆಸೆಯುವ ಭಾಗ. ಹಿಂದಿನ ಘಟಕದ ತೋಳಿನಲ್ಲಿರುವ ಸರವನ್ನು ಬಿಡಿಸಿ ತನ್ನ ಘಟಕದ ಅಮೈನೋ ಆಮ್ಲಕ್ಕೆ ಬೆಸೆಯುವುದು ಇದರ ಕೆಲಸ. ಎರಡು, ಎಂಟು ಮತ್ತು ಹನ್ನೊಂದನೆಯ ಘಟಕಗಳಲ್ಲಿ ನಾಲ್ಕನೆಯದೊಂದು ಭಾಗವಿದೆ: ಅಮೈನೋ ಆಮ್ಲವನ್ನು ಡಿ ರೂಪಕ್ಕೆ ಮಗುಚುವಂಥದ್ದು. ಇಲ್ಲೊಂದು ಸ್ವಾರಸ್ಯವಿದೆ. ಎರಡನೆಯ ಸ್ಥಾನದ ಅಸ್ಪರಜೀನ್ ಮಾಮೂಲಿ ರೂಪದ್ದೆಂದೇ ರಸಾಯನಶಾಸ್ತ್ರಜ್ಞರು ಬಹುಕಾಲ ಬರೆದುಕೊಂಡು ಬಂದಿದ್ದರು. 2005ರಲ್ಲಿ ಜೀನುಗಳ ಪೂರ್ತಿ ಪಾಠ ಪ್ರಕಟವಾದಾಗ ಆ ಘಟಕದಲ್ಲಿ ಮಗುಚುವ ಭಾಗ ಕಂಡಿತು. ಮತ್ತೆ ಪರೀಕ್ಷಿಸಿ ನೋಡಿದರೆ ಅದು ಡಿ ರೂಪವೇ. ಔಷಧಿ ಮಾರುಕಟ್ಟೆಗೆ ಬಂದ ಮೇಲೆ ಅದರ ಸರಿಯಾದ ರಚನೆಯನ್ನು ಬ್ಯಾಕ್ಟೀರಿಯಾದ ಜೀನುಗಳೇ ಹೇಳಿಕೊಟ್ಟವು.

ತೋಳಿನ ಬಗ್ಗೆ ಇನ್ನೊಂದು ಮಾತು. ಅದು ತಯಾರಾಗುವುದು ಪ್ಯಾಂಟೊಥೆನಿಕ್ ಆಮ್ಲದಿಂದ, ಅಂದರೆ ನಮ್ಮ ಬಿ5 ವಿಟಮಿನ್‌ನಿಂದ. ನಮ್ಮ ದೇಹ ಕೊಬ್ಬು ಕಟ್ಟುವಾಗಲೂ ಇದೇ ತೋಳನ್ನು ಬಳಸುತ್ತದೆ. ಲಿಪ್‌ಮನ್ನರಿಗೆ 1953ರಲ್ಲಿ ನೊಬೆಲ್ ಬಂದದ್ದು ಕೋಎಂಜೈಮ್-ಎ ಕಂಡುಹಿಡಿದದ್ದಕ್ಕೆ. ಈ ತೋಳು ಸಿಗುವುದು ಆ ಕೋಎಂಜೈಮಿನಿಂದಲೇ. ತೋಳನ್ನು ಜೋಡಿಸಲು ಬೇರೆಯೇ ಒಂದು ಕಿಣ್ವ ಬೇಕು. ಅದಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬ್ಯಾಸಿಲಸ್ ಸಬ್ಟಿಲಿಸ್ ಸಾಕ್ಷಿ. ನಮ್ಮ ರೈತರು ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಿ ಹೊಲಕ್ಕೆ ಹಾಕುವ ಜೈವಿಕ ಪುಡಿಗಳಲ್ಲಿ ಈ ಬ್ಯಾಕ್ಟೀರಿಯಾದ ತಳಿಗಳಿವೆ. ಇಟುರಿನ್, ಫೆಂಜಿಸಿನ್ ಎಂಬ ಲಿಪೊಪೆಪ್ಟೈಡುಗಳಿಂದ ಅವು ಬೇರಿಗೆ ಬರುವ ಶಿಲೀಂಧ್ರಗಳನ್ನು ಹತ್ತಿಕ್ಕುತ್ತವೆ. ಜಪಾನಿನ ವಿಜ್ಞಾನಿಗಳು 1968ರಲ್ಲಿ ಇದೇ ಬ್ಯಾಕ್ಟೀರಿಯಾದಿಂದ ಸರ್ಫ್ಯಾಕ್ಟಿನ್ ಎಂಬ ಇನ್ನೊಂದು ಲಿಪೊಪೆಪ್ಟೈಡನ್ನು ತೆಗೆದರು; ನೀರಿನ ಮೇಲ್ಮೈ ಸೆಳೆತವನ್ನು ಅರ್ಧಕ್ಕೂ ಕೆಳಗೆ ಇಳಿಸುವಷ್ಟು ಗಟ್ಟಿ ನೊರೆಕಾರಕ ಅದು. ಆದರೆ ಜಗತ್ತಿನ ಪ್ರಯೋಗಾಲಯಗಳಲ್ಲೆಲ್ಲ ಬೆಳೆಸುವ 168 ಎಂಬ ತಳಿ ಸರ್ಫ್ಯಾಕ್ಟಿನ್ ತಯಾರಿಸುವುದೇ ಇಲ್ಲ. ದೈತ್ಯ ಕಿಣ್ವಗಳ ಜೀನುಗಳೆಲ್ಲ ನೆಟ್ಟಗಿವೆ. ಕೆಟ್ಟಿರುವುದು ತೋಳು ಜೋಡಿಸುವ ಕಿಣ್ವದ ಜೀನ್ ಒಂದೇ. ಅದನ್ನು ಸರಿಪಡಿಸಿದರೆ ಸರ್ಫ್ಯಾಕ್ಟಿನ್ ಮರಳಿ ಬರುತ್ತದೆ.

ಈಗ ಬಾಲಕ್ಕೆ ಬರೋಣ. ಹದಿಮೂರು ಘಟಕಗಳ ಸಾಲು ಖಾಲಿ ಕೈಯಲ್ಲಿ ಶುರುವಾಗುವುದಿಲ್ಲ. ಮೊದಲನೆಯ ಘಟಕದ ಮುಂದೆಯೂ ಒಂದು ಬೆಸೆಯುವ ಭಾಗವಿದೆ. ಅದಕ್ಕಿಂತ ಮುಂಚೆ ಯಾವ ಅಮೈನೋ ಆಮ್ಲವೂ ಇಲ್ಲದಿರುವಾಗ ಅದು ಯಾರನ್ನು ಬೆಸೆಯುತ್ತದೆ? ಕೊಬ್ಬಿನಾಮ್ಲವನ್ನು. ಡಿಪಿಟಿ-ಇ ಎಂಬ ಕಿಣ್ವ ಕೋಶದೊಳಗೆ ಓಡಾಡುವ ಕೊಬ್ಬಿನಾಮ್ಲವೊಂದನ್ನು ಹಿಡಿದು, ಎಟಿಪಿ ಖರ್ಚುಮಾಡಿ ಚುರುಕುಗೊಳಿಸಿ, ಡಿಪಿಟಿ-ಎಫ್ ಎಂಬ ಪುಟ್ಟ ಪ್ರೋಟೀನಿನ ತೋಳಿಗೆ ಕೊಡುತ್ತದೆ. ಅಲ್ಲಿಂದ ಅದು ಮೊದಲನೆಯ ಘಟಕದ ಟ್ರಿಪ್ಟೊಫ್ಯಾನ್‌ಗೆ ಬೆಸೆದುಕೊಳ್ಳುತ್ತದೆ. ಆಮೇಲೆಯೇ ಉಳಿದ ಹನ್ನೆರಡು. ಕೊನೆಯ ಘಟಕದ ತುದಿಯಲ್ಲಿರುವ ಇನ್ನೊಂದು ಭಾಗ ಸರವನ್ನು ಕಡಿದು ಬಿಡುವಾಗಲೇ ಹದಿಮೂರನೆಯ ಕೈನುರೆನೀನನ್ನು ನಾಲ್ಕನೆಯ ಥ್ರಿಯೊನೀನಿಗೆ ಗಂಟುಹಾಕುತ್ತದೆ. ಹತ್ತು ಅಮೈನೋ ಆಮ್ಲಗಳ ಉಂಗುರ ಮುಚ್ಚಿಕೊಳ್ಳುತ್ತದೆ, ಮೂರು ಹೊರಗೆ ಚಾಚಿಕೊಂಡಿರುತ್ತವೆ, ಅವುಗಳ ತುದಿಗೆ ಬಾಲ.

ಲಿಲ್ಲಿ ಕಂಪನಿಯ ವಿಜ್ಞಾನಿಗಳಿಗೆ 1980ರ ದಶಕದಲ್ಲಿ ಈ ಕಿಣ್ವಗಳ ವಿಷಯ ಗೊತ್ತಿರಲಿಲ್ಲ. ಅವರ ಮುಂದಿದ್ದ ಸಮಸ್ಯೆ ಬೇರೆ: ನೈಸರ್ಗಿಕ ಮಿಶ್ರಣ ಇಲಿಗಳಿಗೆ ವಿಷವಾಗುತ್ತಿತ್ತು. ಬಾಲವೇ ಅದಕ್ಕೆ ಕಾರಣವಿರಬಹುದೆಂದು ಅವರು ಬಾಲ ಕತ್ತರಿಸುವ ಉಪಾಯ ಹುಡುಕಿದರು. ಆಕ್ಟಿನೊಪ್ಲೇನ್ಸ್ ಯುಟಾಹೆನ್ಸಿಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾದ ಕಿಣ್ವ ಬಾಲವನ್ನಷ್ಟೇ ನೀಟಾಗಿ ಕಡಿದು ಕೊಟ್ಟಿತು. ಬೋಳು ಉಂಗುರಕ್ಕೆ ಕೊಲ್ಲುವ ಶಕ್ತಿಯೇ ಹೊರಟುಹೋಯಿತು. ಅದಕ್ಕೆ ಬೇರೆ ಬೇರೆ ಉದ್ದದ ಬಾಲ ಅಂಟಿಸಿ ನೋಡಿದರು. ಉದ್ದ ಹೆಚ್ಚಾದಂತೆ ವಿಷವೂ ಹೆಚ್ಚು, ಗಿಡ್ಡವಾದರೆ ಮದ್ದಿನ ಬಲವೇ ಇಳಿಮುಖ. ಹತ್ತು ಇಂಗಾಲದ ಡೆಕನಾಯಿಕ್ ಆಮ್ಲ ಹದವಾಗಿ ಕೂತಿತು. ನಮ್ಮ ತೆಂಗಿನೆಣ್ಣೆಯಲ್ಲಿ, ಮೇಕೆ ಹಾಲಿನಲ್ಲಿ ಇರುವ ಕೊಬ್ಬಿನಾಮ್ಲವೇ ಅದು.

ಕಡಿದು ಅಂಟಿಸುವುದು ದುಬಾರಿ ಕೆಲಸ. ಬ್ಯಾಕ್ಟೀರಿಯಾದ ಕೈಯಿಂದಲೇ ಆ ಬಾಲ ಹಾಕಿಸಬಹುದಲ್ಲ ಎಂದು ಹೊಳೆದವರ ಬುದ್ಧಿಯನ್ನು ನಾನು ತುಂಬ ಮೆಚ್ಚುತ್ತೇನೆ. ಬ್ಯಾಕ್ಟೀರಿಯಾ ಬೆಳೆಯುವ ತೊಟ್ಟಿಗೆ ಅವರು ಡೆಕನಾಯಿಕ್ ಆಮ್ಲವನ್ನು ಉಣಿಸಿದರು. ಒಮ್ಮೆಗೇ ಸುರಿದರೆ ಬ್ಯಾಕ್ಟೀರಿಯಾವೇ ಸಾಯುತ್ತದೆ, ಆದ್ದರಿಂದ ಸ್ವಲ್ಪಸ್ವಲ್ಪವಾಗಿ ಬಿಡಬೇಕು. ಆಗ ತೊಟ್ಟಿಯಲ್ಲಿ ಹತ್ತು ಇಂಗಾಲದ ಬಾಲವಿರುವ ಡ್ಯಾಪ್ಟೊಮೈಸಿನ್ನೇ ಮುಖ್ಯವಾಗಿ ತಯಾರಾಯಿತು. ಇದು 1988ರಲ್ಲಿ ಪ್ರಕಟವಾಯಿತು. ಬ್ಯಾಕ್ಟೀರಿಯಾ ಈ ಪರಕೀಯ ಬಾಲವನ್ನು ಯಾಕೆ ಒಪ್ಪಿಕೊಂಡಿತು ಎನ್ನುವುದು ತಿಳಿದದ್ದು ಇಪ್ಪತ್ತು ವರ್ಷಗಳ ಮೇಲೆ, ಜರ್ಮನಿಯ ಮಾರ್ಬರ್ಗಿನ ಪ್ರಯೋಗಾಲಯವೊಂದು ಡಿಪಿಟಿ-ಇಯನ್ನು ಬಿಡಿಯಾಗಿ ಪರೀಕ್ಷಿಸಿದಾಗ. ಆರಿಸುವ ಗುಳಿಗಳಿಗಿರುವ ಕಟ್ಟುನಿಟ್ಟು ಬಾಲ ಹಿಡಿಯುವ ಈ ಕಿಣ್ವಕ್ಕಿಲ್ಲ. ಬೇರೆ ಬೇರೆ ಉದ್ದದ ಕೊಬ್ಬಿನಾಮ್ಲಗಳನ್ನು ಅದು ತೆಗೆದುಕೊಳ್ಳುತ್ತದೆ.

ಬಾಲ ಮಾಡುವುದಾದರೂ ಏನು? ಡ್ಯಾಪ್ಟೊಮೈಸಿನ್‌ಗೆ ಕ್ಯಾಲ್ಸಿಯಂ ಬೇಕು. ನಮ್ಮ ರಕ್ತದಲ್ಲಿ ಅದು ಧಾರಾಳವಾಗಿದೆ. ಉಂಗುರದ ಅಸ್ಪಾರ್ಟಿಕ್ ಆಮ್ಲಗಳು ಕ್ಯಾಲ್ಸಿಯಂ ಹಿಡಿದುಕೊಂಡ ಮೇಲೆ ಅಣುವಿನ ಋಣ ವಿದ್ಯುದಂಶ ತಗ್ಗಿ, ಅದು ಬ್ಯಾಕ್ಟೀರಿಯಾದ ಪೊರೆಯ ಹತ್ತಿರ ಬರಬಲ್ಲದು. ಪೊರೆಯೂ ಕೊಬ್ಬಿನದೇ, ಬಾಲವೂ ಕೊಬ್ಬಿನದೇ. ಬಾಲ ಪೊರೆಯೊಳಗೆ ಮುಳುಗುತ್ತದೆ, ಹಲವು ಅಣುಗಳು ಒಟ್ಟುಗೂಡುತ್ತವೆ, ಒಳಗಿನ ಪೊಟ್ಯಾಸಿಯಂ ಹೊರಕ್ಕೆ ಸೋರುತ್ತದೆ. ಕೋಶ ಒಡೆಯುವುದಿಲ್ಲ, ಆದರೆ ಸಾಯುತ್ತದೆ. ಜರ್ಮನಿಯ ಬಾನ್ ನಗರದ ಸಂಶೋಧಕರು 2020ರಲ್ಲಿ ತೋರಿಸಿದಂತೆ, ಇದು ಪೊರೆಯ ಮೇಲೆ ಕೋಶದ ಗೋಡೆ ಕಟ್ಟುವ ಸಾಮಗ್ರಿಗಳನ್ನೂ ಬಿಗಿಹಿಡಿದು ಆ ಕೆಲಸವನ್ನೂ ನಿಲ್ಲಿಸುತ್ತದೆ. ಇಷ್ಟೆಲ್ಲ ಆಗಲು ಪೊರೆಯಲ್ಲಿ ಫಾಸ್ಫಟಿಡೈಲ್‌ಗ್ಲಿಸರಾಲ್ ಎಂಬ ಕೊಬ್ಬು ಇರಬೇಕು. ಬ್ಯಾಕ್ಟೀರಿಯಾದಲ್ಲಿ ಅದು ಹೇರಳ. ನಮ್ಮ ಜೀವಕೋಶಗಳ ಹೊರಮೈಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ನಾವು ಬದುಕುವುದು, ಅದು ಸಾಯುವುದು ಈ ವ್ಯತ್ಯಾಸದಿಂದ.

ಈ ವ್ಯತ್ಯಾಸಕ್ಕೆ ಒಂದು ಅಪವಾದವಿದೆ: ಶ್ವಾಸಕೋಶ. ಉಸಿರು ಬಿಟ್ಟಾಗ ಅದರ ಗಾಳಿಗೂಡುಗಳು ಮುದುಡಿಹೋಗದಂತೆ ಒಂದು ಕೊಬ್ಬಿನ ಲೇಪ ಕಾಯುತ್ತದೆ. ಅದರಲ್ಲಿ ಇದೇ ಫಾಸ್ಫಟಿಡೈಲ್‌ಗ್ಲಿಸರಾಲ್ ಇದೆ. ಡ್ಯಾಪ್ಟೊಮೈಸಿನ್ ಅಲ್ಲಿಗೆ ಹೋದರೆ ಲೇಪದಲ್ಲೇ ಬಾಲ ನೆಟ್ಟು ಕೂತುಬಿಡುತ್ತದೆ, ಬ್ಯಾಕ್ಟೀರಿಯಾವನ್ನು ಮುಟ್ಟುವುದೇ ಇಲ್ಲ. ನ್ಯುಮೋನಿಯಾ ರೋಗಿಗಳ ಮೇಲಿನ ಪ್ರಯೋಗಗಳಲ್ಲಿ ಅದು ನಮ್ಮಲ್ಲಿ ಎಲ್ಲೆಡೆ ಸಿಗುವ ಸೆಫ್ಟ್ರಿಯಾಕ್ಸೋನ್‌ನ ಸಮಕ್ಕೂ ನಿಲ್ಲಲಿಲ್ಲ. ಹಾಗಾಗಿ ರಕ್ತದ ಸೋಂಕಿಗೆ, ಹೃದಯದ ಕವಾಟದ ಸೋಂಕಿಗೆ, ಚರ್ಮದ ಆಳವಾದ ಸೋಂಕಿಗೆ ಕೊಡುವ ಈ ಮದ್ದನ್ನು ವೈದ್ಯರು ನ್ಯುಮೋನಿಯಾಕ್ಕೆ ಕೊಡುವುದಿಲ್ಲ. ರೋಗಿಯ ಕಡೆಯವರಿಗೆ ಇದು ವಿಚಿತ್ರವೆನ್ನಿಸಬಹುದು, ಕಾರಣ ಮಾತ್ರ ಇಷ್ಟು ಸ್ಪಷ್ಟ.

ಲಿಲ್ಲಿ ಕಂಪನಿ ಕೊನೆಗೂ ಈ ಔಷಧಿಯನ್ನು ಮಾರುಕಟ್ಟೆಗೆ ತರಲಿಲ್ಲ. ದಿನಕ್ಕೆರಡು ಬಾರಿ ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟಾಗ ಸ್ನಾಯುಗಳಿಗೆ ಪೆಟ್ಟಾಗುತ್ತಿತ್ತು, ಪ್ರಯೋಗ ನಿಂತಿತು. 1997ರಲ್ಲಿ ಕ್ಯೂಬಿಸ್ಟ್ ಎಂಬ ಚಿಕ್ಕ ಕಂಪನಿ ಹಕ್ಕು ಕೊಂಡಿತು. ನಾಯಿಗಳ ಮೇಲಿನ ಪ್ರಯೋಗದಲ್ಲಿ ಗೊತ್ತಾದದ್ದೇನೆಂದರೆ, ಒಟ್ಟು ಪ್ರಮಾಣಕ್ಕಿಂತ ಎಷ್ಟು ಸಲ ಕೊಡುತ್ತೇವೆ ಎಂಬುದೇ ಸ್ನಾಯುವಿಗೆ ಮುಖ್ಯ. ದಿನಕ್ಕೆ ಒಮ್ಮೆ ಕೊಟ್ಟರೆ ಮುಂದಿನ ಡೋಸಿನೊಳಗೆ ಸ್ನಾಯು ಚೇತರಿಸಿಕೊಳ್ಳುತ್ತದೆ. ಆ ಲೆಕ್ಕದ ಮೇಲೆ 2003ರ ಸೆಪ್ಟೆಂಬರ್‌ನಲ್ಲಿ ಅಮೆರಿಕದಲ್ಲಿ ಪರವಾನಗಿ ಸಿಕ್ಕಿತು: ಚರ್ಮದ ಸೋಂಕಿಗೆ ಕಿಲೋ ತೂಕಕ್ಕೆ 4 ಮಿಲಿಗ್ರಾಂ, 2006ರಿಂದ ರಕ್ತದ ಸ್ಟ್ಯಾಫಿಲೊಕಾಕಸ್ ಸೋಂಕಿಗೆ 6 ಮಿಲಿಗ್ರಾಂ, ದಿನಕ್ಕೊಂದೇ ಸಲ. ಇವತ್ತಿಗೂ ಈ ಇಂಜೆಕ್ಷನ್ ನಡೆಯುವಾಗ ವಾರಕ್ಕೊಮ್ಮೆ ಸಿಪಿಕೆ ಎಂಬ ರಕ್ತಪರೀಕ್ಷೆ ಮಾಡಿಸುವುದು ಸ್ನಾಯುವಿನ ಮೇಲೆ ಕಣ್ಣಿಡಲಿಕ್ಕೆ. ಮನೆಯವರಿಗೆ ಇಂಜೆಕ್ಷನ್ ನಡೆಯುತ್ತಿದ್ದು, ಅವರು ತೊಡೆ, ತೋಳು ನೋವೆಂದರೆ ಸುಮ್ಮನಿರಬೇಡಿ, ವೈದ್ಯರಿಗೆ ಹೇಳಿ.

ಕೊಲಿಸ್ಟಿನ್‌ನ ಕಥೆ ಇನ್ನೊಂದು ದಿಕ್ಕಿನದು. ಇದು ಪೇನಿಬ್ಯಾಸಿಲಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾದ ಸೃಷ್ಟಿ, ಜಪಾನಿನಲ್ಲಿ ಸಿಕ್ಕಿದ್ದು, ಪಾಲಿಮಿಕ್ಸಿನ್ ಕುಟುಂಬದ್ದು. ಡ್ಯಾಪ್ಟೊಮೈಸಿನ್‌ಗೆ ಬಗ್ಗದ, ಎರಡು ಪೊರೆಯ ಗ್ರಾಂ-ನೆಗೆಟಿವ್ ಬ್ಯಾಕ್ಟೀರಿಯಾಗಳನ್ನು ಇದು ಕೊಲ್ಲುತ್ತದೆ. ಇದರ ಉಂಗುರಕ್ಕೆ ಧನ ವಿದ್ಯುದಂಶ, ಹೊರಪೊರೆಗೆ ಋಣ. ಸೆಳೆತ ಅಲ್ಲಿಂದ ಶುರು. ಪಾಲಿಮಿಕ್ಸಿನ್‌ನ ಬಾಲವನ್ನು ಕತ್ತರಿಸಲು ವಿಜ್ಞಾನಿಗಳು ಬಳಸಿದ್ದು ಪರಂಗಿಕಾಯಿಯ ಸೊನೆಯಲ್ಲಿರುವ ಪಪೇನ್ ಕಿಣ್ವವನ್ನು. ಬಾಲ ಹೋದ ಒಂಬತ್ತು ಅಮೈನೋ ಆಮ್ಲಗಳ ತುಂಡು ಬ್ಯಾಕ್ಟೀರಿಯಾವನ್ನು ಕೊಲ್ಲಲಾರದು, ಆದರೆ ಹೊರಪೊರೆಯನ್ನು ಸಡಿಲಿಸುತ್ತದೆ. ಆ ಸಂದಿನಲ್ಲಿ ರಿಫಾಂಪಿಸಿನ್‌ನಂಥ ಬೇರೆ ಮದ್ದುಗಳು ಒಳಗೆ ನುಗ್ಗಬಲ್ಲವು. ಬಾಗಿಲ ಬಳಿಗೆ ಕರೆದೊಯ್ಯುವುದು ಉಂಗುರ, ಕೊಲ್ಲುವುದು ಬಾಲ ಎಂದು ಇದಕ್ಕಿಂತ ಚೆನ್ನಾಗಿ ತೋರಿಸುವ ಪ್ರಯೋಗ ನನಗೆ ಗೊತ್ತಿಲ್ಲ.

ಮೂತ್ರಪಿಂಡಕ್ಕೆ ಹಾನಿಯೆಂದು 1970ರ ದಶಕದಲ್ಲಿ ಮೂಲೆಗೆ ಸರಿದಿದ್ದ ಕೊಲಿಸ್ಟಿನ್ ಬೇರೆ ಮದ್ದುಗಳು ಸೋತ ಮೇಲೆ ಮರಳಿ ಬಂತು. ಅದೇ ಹೊತ್ತಿಗೆ ಕೋಳಿ, ಹಂದಿಗಳ ಮೇವಿಗೂ ಅದನ್ನು ಬೆರೆಸುತ್ತಿದ್ದರು. 2015ರಲ್ಲಿ ಚೀನಾದಲ್ಲಿ ಎಂಸಿಆರ್-1 ಜೀನ್ ಪತ್ತೆಯಾಯಿತು. ಬ್ಯಾಕ್ಟೀರಿಯಾದ ಹೊರಪೊರೆಯ ಋಣ ವಿದ್ಯುದಂಶವನ್ನು ತಗ್ಗಿಸಿ ಕೊಲಿಸ್ಟಿನ್ ಅಂಟದಂತೆ ಮಾಡುವ, ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲ ಜೀನ್. ಭಾರತ ಸರ್ಕಾರ 2019ರ ಜುಲೈನಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿ, ಕೋಳಿ, ಮೀನುಗಳಿಗೆ ಕೊಲಿಸ್ಟಿನ್ ನಿಷೇಧಿಸಿತು. ತಡವಾಗಿ ಬಂದರೂ ಒಳ್ಳೆಯ ಆದೇಶ, ಕಟ್ಟುನಿಟ್ಟಾಗಿ ಜಾರಿಯಾಗಲೇಬೇಕಾದ ಆದೇಶ.

ಕಿಣ್ವದ ಘಟಕಗಳ ಸರದಿಯೇ ಪೆಪ್ಟೈಡಿನ ಸರದಿ ಎಂದಮೇಲೆ, ಘಟಕಗಳನ್ನು ಅದಲುಬದಲು ಮಾಡಿ ಹೊಸ ಮದ್ದು ಮಾಡಬಹುದಲ್ಲವೇ? ವಿಜ್ಞಾನಿ ರಿಚರ್ಡ್ ಬಾಲ್ಟ್ಸ್ ಮತ್ತು ಅವರ ಸಂಗಡಿಗರು ಡ್ಯಾಪ್ಟೊಮೈಸಿನ್‌ನಲ್ಲಿ ಇದನ್ನು ಮಾಡಿಯೇ ನೋಡಿದರು. ಹೊಸ ಹೊಸ ಅಣುಗಳು ಹುಟ್ಟಿದವು, ಕೆಲವು ಬ್ಯಾಕ್ಟೀರಿಯಾವನ್ನು ಕೊಂದವು ಕೂಡ, ಆದರೆ ಔಷಧಿಯಾಗಿ ಡ್ಯಾಪ್ಟೊಮೈಸಿನ್‌ನ ಜಾಗಕ್ಕೆ ಯಾವುದೂ ಬರಲಿಲ್ಲ. ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದ ಶಾನ್ ಬ್ರೇಡಿಯವರ ತಂಡ ಇನ್ನೂ ಮುಂದೆ ಹೋಯಿತು: ಬ್ಯಾಕ್ಟೀರಿಯಾದಿಂದ ಮದ್ದು ತೆಗೆಯುವ ಗೋಜೇ ಬೇಡ, ಡಿಎನ್‌ಎಯಲ್ಲಿ ಗುಳಿಗಳ ಸರದಿ ಓದಿ, ಯಾವ ಪೆಪ್ಟೈಡ್ ಬರಬೇಕೆಂದು ಊಹಿಸಿ, ಅದನ್ನು ರಾಸಾಯನಿಕವಾಗಿ ತಯಾರಿಸುವುದು. 2022ರಲ್ಲಿ ಅವರು ಹೀಗೆ ಸಿಲಾಗಿಸಿನ್ ಎಂಬ ಲಿಪೊಪೆಪ್ಟೈಡ್ ಮಾಡಿದರು, ಪೇನಿಬ್ಯಾಸಿಲಸ್ ಮ್ಯುಸಿಲಾಜಿನೋಸಸ್‌ನ ಜೀನುಗಳನ್ನು ನೋಡಿಕೊಂಡು. ಹನ್ನೆರಡು ಅಮೈನೋ ಆಮ್ಲಗಳನ್ನು ಜೀನುಗಳೇ ಹೇಳಿದವು. ಬಾಲ ಯಾವುದೆಂದು ಜೀನು ನೋಡಿ ಹೇಳುವುದು ಅಷ್ಟು ಸುಲಭವಲ್ಲ, ಅದನ್ನು ವಿಜ್ಞಾನಿಗಳೇ ಆರಿಸಬೇಕಾಯಿತು. ಹದಿನಾಲ್ಕು ಇಂಗಾಲದ ಮಿರಿಸ್ಟಿಕ್ ಆಮ್ಲವನ್ನು ಹಾಕಿದರು. ಪ್ರಯೋಗಾಲಯದ ತಟ್ಟೆಯಲ್ಲಿ ಅದು ಸೊಗಸಾಗಿ ಕೊಂದಿತು. ಇಲಿಯೊಳಗೆ ಹೋದಾಗ ರಕ್ತದ ಪ್ರೋಟೀನುಗಳಿಗೆ ಅಂಟಿಕೊಂಡು ನಿರ್ವೀರ್ಯವಾಯಿತು. ಆ ಬಾಲ ತೆಗೆದು ಬೈಫಿನೈಲ್ ಎಂಬ ಬೇರೆ ತುಣುಕು ಜೋಡಿಸಿದ ಮೇಲೆ ಇಲಿಗಳ ಸೋಂಕು ಇಳಿಯಿತು.